ಬೆನಗಲ್ ರಾಮ ರಾವ್ (ರಾಜತಾಂತ್ರಿಕ)

ಈ ಲೇಖನವು ರಾಜತಾಂತ್ರಿಕರೂ ರಿಸರ್ವ್ ಬ್ಯಾಂಕಿನ ಗವರ್ನರರೂ ಆಗಿದ್ದ ಬೆನಗಲ್ ರಾಮ ರಾವ್ ಅವರನ್ನು ಕುರಿತದ್ದು. 1925ರಲ್ಲಿ ಬೆಳಗಾವಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ವಿದ್ವಾಂಸ ಬೆನಗಲ್ ರಾಮರಾವ್ ಬೇರೆಯವರು.

ಸರ್ ಬೆನಗಲ್ ರಾಮ ರಾವ್ (1889–1969) ಅವರು ದಕ್ಷಿಣ ಕನ್ನಡ ಮೂಲದ ಹಿರಿಯ ಆಡಳಿತಗಾರರು, ಆರ್ಥಿಕ ತಜ್ಞರು ಮತ್ತು ರಾಜತಾಂತ್ರಿಕರು. 1938ರಿಂದ 1941ರವರೆಗೆ ದಕ್ಷಿಣ ಆಫ್ರಿಕದಲ್ಲಿ ಭಾರತದ ಪ್ರತಿನಿಧಿಯಾಗಿಯೂ, ಸ್ವಾತಂತ್ರ್ಯಾನಂತರ ಜಪಾನ್ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಭಾರತದ ರಾಯಭಾರಿಯಾಗಿಯೂ ಕಾರ್ಯ ನಿರ್ವಹಿಸಿದರು. 1949ರ ಜುಲೈ 1ರಿಂದ 1957ರ ಜನವರಿ 14ರವರೆಗೆ ಭಾರತೀಯ ರಿಸರ್ವ್ ಬ್ಯಾಂಕಿನ ನಾಲ್ಕನೆಯ ಗವರ್ನರರಾಗಿದ್ದರು. ಆ ಹುದ್ದೆಯಲ್ಲಿ ಅತಿ ದೀರ್ಘ ಕಾಲ ಇದ್ದವರು ಇವರೇ. ಕೇಂದ್ರ ಹಣಕಾಸು ಸಚಿವರೊಡನೆ ಉಂಟಾದ ಭಿನ್ನಾಭಿಪ್ರಾಯದಿಂದ ಅವಧಿ ಮುಗಿಯುವ ಮೊದಲೇ ರಾಜೀನಾಮೆಯಿತ್ತು ಹೊರನಡೆದರು. ಇವರ ಪತ್ನಿ, ಕುಟುಂಬ ಯೋಜನೆ ಚಳವಳಿಯ ನಾಯಕಿ ಧನವಂತಿ ರಾಮ ರಾವ್ ಅವರು ಹುಟ್ಟಿ ಬೆಳೆದದ್ದು ಹುಬ್ಬಳ್ಳಿಯಲ್ಲಿ.

ಮನೆತನ ಮತ್ತು ವಿದ್ಯಾಭ್ಯಾಸ

ರಾಮ ರಾವ್ ಅವರದು ಮಂಗಳೂರಿನ ಚಿತ್ರಾಪುರ ಸಾರಸ್ವತ ಕುಟುಂಬ. ಮನೆಮಾತು ಕೊಂಕಣಿ, ಸುತ್ತಲಿನ ನುಡಿ ಕನ್ನಡ ಮತ್ತು ತುಳು. ತಂದೆ ಬೆನಗಲ್ ರಾಘವೇಂದ್ರ ರಾವ್ ವೈದ್ಯರಾಗಿದ್ದರು. ಈ ಒಂದೇ ಮನೆಯಿಂದ ದೇಶದ ಸಾರ್ವಜನಿಕ ಜೀವನಕ್ಕೆ ಹಲವರು ಬಂದರು. ಅಣ್ಣ ಬೆನಗಲ್ ನರಸಿಂಗ ರಾವ್ ಅವರು ಸಂವಿಧಾನ ರಚನಾ ಸಭೆಯ ಸಾಂವಿಧಾನಿಕ ಸಲಹೆಗಾರರಾಗಿ, ಮುಂದೆ ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿ ಖ್ಯಾತರಾದರು. ತಮ್ಮ ಬೆನಗಲ್ ಶಿವ ರಾವ್ ಅವರು ಪತ್ರಕರ್ತರು, ಸಂವಿಧಾನ ಸಭೆಯ ಸದಸ್ಯರು ಮತ್ತು ಮೊದಲ ಲೋಕಸಭೆಯಲ್ಲಿ ದಕ್ಷಿಣ ಕನ್ನಡದ ಪ್ರತಿನಿಧಿ. ಸಂವಿಧಾನ ರಚನೆಯ ದಾಖಲೆಗಳನ್ನು ಸಂಪುಟಗಳಾಗಿ ಸಂಪಾದಿಸಿ ಕೊಟ್ಟವರು ಅವರೇ.

ಆ ಕಾಲದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯು ಮದರಾಸು ಪ್ರಾಂತಕ್ಕೆ ಸೇರಿತ್ತು. ಕರಾವಳಿಯ ಪ್ರತಿಭಾವಂತ ವಿದ್ಯಾರ್ಥಿಗಳು ಉನ್ನತ ವ್ಯಾಸಂಗಕ್ಕೆ ಮದರಾಸಿಗೆ ಹೋಗುವುದು ವಾಡಿಕೆ. ರಾಮ ರಾವ್ ಕೂಡ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಅನಂತರ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಿಂಗ್ಸ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. ಅಲ್ಲಿಂದ ಇಂಡಿಯನ್ ಸಿವಿಲ್ ಸರ್ವಿಸ್ ಸೇರಿದರು.

ಹುಬ್ಬಳ್ಳಿಯ ನಂಟು

1919ರಲ್ಲಿ ರಾಮ ರಾವ್ ಅವರು ಧನವಂತಿ ಹಂಡೂ ಅವರನ್ನು ವಿವಾಹವಾದರು. ಧನವಂತಿಯವರು 1893ರಲ್ಲಿ ಹುಬ್ಬಳ್ಳಿಯಲ್ಲಿ ಕಾಶ್ಮೀರಿ ಪಂಡಿತ ಕುಟುಂಬವೊಂದರಲ್ಲಿ ಜನಿಸಿದರು. ಆಗ ಹುಬ್ಬಳ್ಳಿಯು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ ಧಾರವಾಡದಲ್ಲಿದ್ದರೆ, 1885ರಲ್ಲಿ ಆರಂಭವಾದ ಕಾರ್ಖಾನೆ ಹುಬ್ಬಳ್ಳಿಯಲ್ಲಿತ್ತು. ರೈಲು ಬಂದ ಮೇಲೆ ದೂರದ ಪ್ರಾಂತಗಳ ಅನೇಕ ಕುಟುಂಬಗಳು ಬಂದು ನೆಲೆಸಿ, ಹತ್ತಿಯ ವ್ಯಾಪಾರದ ಹಳೆಯ ಪೇಟೆಗೆ ಹೊಸ ಮುಖ ಬಂದಿತ್ತು. ಮನೆಯೊಳಗೆ ಕಾಶ್ಮೀರಿ ಸಂಪ್ರದಾಯ, ಹೊಸ್ತಿಲಾಚೆ ಕನ್ನಡದ ಬೀದಿ: ಹೀಗೆ ಎರಡು ಲೋಕಗಳ ನಡುವೆ ಬೆಳೆದ ಧನವಂತಿಯವರಿಗೆ ಕನ್ನಡ ಚೆನ್ನಾಗಿ ಪರಿಚಿತವಾಗಿತ್ತು. ಮುಂದೆ ಕರಾವಳಿಯ ಮನೆಯ ಸೊಸೆಯಾದಾಗ ಈ ಪರಿಚಯವು ಅವರಿಗೆ ಒದಗಿ ಬಂದಿತು.

ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಅದಕ್ಕೂ ಮೊದಲು ಈ ಭಾಗದವರು ಪದವಿಗಾಗಿ ಪುಣೆ, ಮುಂಬಯಿ ಅಥವಾ ಮದರಾಸಿಗೆ ಹೋಗಬೇಕಿತ್ತು. ಹೆಣ್ಣುಮಕ್ಕಳನ್ನು ಅಷ್ಟು ದೂರ ಕಳುಹಿಸುವ ಮನೆಗಳು ಬೆರಳೆಣಿಕೆಯಷ್ಟು. ಧನವಂತಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಪಡೆದು, ಅಲ್ಲಿನ ಕ್ವೀನ್ ಮೇರೀಸ್ ಮಹಿಳಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕಿಯಾದರು. ಕಾಶ್ಮೀರಿ ಕನ್ಯೆ, ಕೊಂಕಣಿ ಮಾತನಾಡುವ ಸಾರಸ್ವತ ವರ ಎಂಬ ಈ ವಿವಾಹವು ಆ ದಿನಗಳಲ್ಲಿ ಸಾಮಾನ್ಯ ಸಂಗತಿಯಾಗಿರಲಿಲ್ಲ. ಸಮುದಾಯದ ಹೊರಗೆ ಸಂಬಂಧ ಬೆಳೆಸುವುದಕ್ಕೆ ಎರಡೂ ಕಡೆ ಪ್ರಬಲವಾದ ಅಡ್ಡಿಗಳಿದ್ದ ಕಾಲವದು. ದಂಪತಿಗಳಿಗೆ ಪ್ರೇಮಿಳಾ ಮತ್ತು ಶಾಂತಾ ಎಂಬ ಇಬ್ಬರು ಹೆಣ್ಣುಮಕ್ಕಳು.

ಆಡಳಿತ ಸೇವೆ ಮತ್ತು ಲಂಡನ್ ವಾಸ

ರಾಮ ರಾವ್ ಅವರು ಮೊದಲು ಮದರಾಸು ಸರ್ಕಾರದ ಹಣಕಾಸು ಇಲಾಖೆಯಲ್ಲಿಯೂ, 1920ರ ದಶಕದಲ್ಲಿ ಭಾರತೀಯ ತೆರಿಗೆ ವಿಚಾರಣಾ ಸಮಿತಿಯ ಕಾರ್ಯದರ್ಶಿಯಾಗಿಯೂ, ಅನಂತರ ಭಾರತ ಸರ್ಕಾರದ ಹಣಕಾಸು ಇಲಾಖೆಯಲ್ಲಿಯೂ ದುಡಿದರು. ಅಂಕಿ ಅಂಶಗಳಲ್ಲಿ ಪಳಗಿದ ಅಧಿಕಾರಿ ಎಂಬ ಹೆಸರು ಅವರಿಗೆ ಬಂದದ್ದು ಇಲ್ಲಿಯೇ. 1928ರಲ್ಲಿ ಸೈಮನ್ ಆಯೋಗದ ಆರ್ಥಿಕ ಸಲಹೆಗಾರರಾಗಿ ನೇಮಕಗೊಂಡರು. ಭಾರತದ ರಾಜಕೀಯ ಭವಿಷ್ಯವನ್ನು ವಿಚಾರಿಸಲು ಬಂದ ಆ ಆಯೋಗದಲ್ಲಿ ಒಬ್ಬ ಭಾರತೀಯ ಸದಸ್ಯನೂ ಇರಲಿಲ್ಲ. ದೇಶದಾದ್ಯಂತ ಕಪ್ಪು ಬಾವುಟಗಳು ಅದನ್ನು ಎದುರುಗೊಂಡವು. ಸರ್ಕಾರಿ ಸೇವೆಯಲ್ಲಿದ್ದ ಭಾರತೀಯ ಅಧಿಕಾರಿಗಳು ಒಂದು ಕಡೆ ಕರ್ತವ್ಯ, ಇನ್ನೊಂದು ಕಡೆ ಸ್ವಜನರ ಆಕ್ರೋಶ ಇವೆರಡರ ನಡುವೆ ನಿಲ್ಲಬೇಕಾದ ಸಂದರ್ಭಗಳಲ್ಲಿ ಇದೂ ಒಂದು. ರಾಮ ರಾವ್ ಅವರ ಜೀವನದಲ್ಲಿ ಅಂಥ ಸಂದರ್ಭ ಮತ್ತೆ ಮತ್ತೆ ಎದುರಾಯಿತು.

ಆಯೋಗದ ಕೆಲಸದ ನಿಮಿತ್ತ ಕುಟುಂಬವು ಇಂಗ್ಲೆಂಡಿಗೆ ಹೋಯಿತು. 1929ರ ಅಕ್ಟೋಬರಿನಲ್ಲಿ ಲಂಡನ್ನಿನ ಕ್ಯಾಕ್ಸ್‌ಟನ್ ಹಾಲ್‌ನಲ್ಲಿ ಬ್ರಿಟಿಷ್ ಸಂಸದೆ ಎಲೀನರ್ ರಾತ್‌ಬೋನ್ ಅವರು ಭಾರತೀಯ ಮಹಿಳೆಯರ ಸಾಮಾಜಿಕ ಸಮಸ್ಯೆಗಳ ಬಗ್ಗೆ ಸಮ್ಮೇಳನವೊಂದನ್ನು ಏರ್ಪಡಿಸಿದ್ದರು. ಮುಖ್ಯ ಭಾಷಣಕಾರರೆಲ್ಲ ಬ್ರಿಟಿಷರೇ. ಸಭೆಯಲ್ಲಿದ್ದ ಧನವಂತಿಯವರು ಎದ್ದು ನಿಂತು, ಭಾರತೀಯ ಸ್ತ್ರೀಯರ ಪರವಾಗಿ ಮಾತನಾಡುವ ಅಧಿಕಾರವನ್ನು ಇವರಿಗೆ ಕೊಟ್ಟವರಾರೆಂದು ಪ್ರಶ್ನಿಸಿದರು. ಸರ್ಕಾರದ ಅಧಿಕಾರಿಯೊಬ್ಬರ ಪತ್ನಿ ಹೀಗೆ ಬಹಿರಂಗವಾಗಿ ಆಕ್ಷೇಪಿಸಿದ್ದು ಅಂದು ಗಮನ ಸೆಳೆಯಿತು.

ದುಂಡುಮೇಜಿನ ಪರಿಷತ್ತುಗಳ ಕಾಲದಲ್ಲಿ ರಾಮ ರಾವ್ ಅವರು ಲಂಡನ್ನಿನಲ್ಲಿ ಸಂವಿಧಾನ ಸುಧಾರಣೆಗೆ ಸಂಬಂಧಿಸಿದ ಕಾರ್ಯಗಳಲ್ಲಿ ತೊಡಗಿದ್ದರು. 1934ರಿಂದ 1938ರವರೆಗೆ ಅಲ್ಲಿಯೇ ಭಾರತದ ಉಪ ಹೈಕಮಿಷನರರಾಗಿದ್ದರು.

ದಕ್ಷಿಣ ಆಫ್ರಿಕದಲ್ಲಿ ಭಾರತದ ಪ್ರತಿನಿಧಿ

ಹುದ್ದೆಯ ಹಿನ್ನೆಲೆ

1860ರ ನವೆಂಬರ್ 16ರಂದು ಮದರಾಸಿನಿಂದ ಹೊರಟ ಟ್ರೂರೊ ಎಂಬ ಹಡಗು ಡರ್ಬನ್ ಬಂದರನ್ನು ತಲುಪಿತು. ನಟಾಲ್ ಪ್ರಾಂತದ ಕಬ್ಬಿನ ತೋಟಗಳಲ್ಲಿ ದುಡಿಯಲು ಕರಾರಿನ ಮೇಲೆ ಒಯ್ದ ಭಾರತೀಯ ಕೂಲಿಗಳ ಮೊದಲ ತಂಡ ಅದರಲ್ಲಿತ್ತು. ಕೂಲಿಗಳ ಬೆನ್ನಲ್ಲೇ ಗುಜರಾತಿನ ವರ್ತಕರು ಸ್ವಂತ ಖರ್ಚಿನಲ್ಲಿ ಬಂದರು. ಕರಾರು ಮುಗಿದ ಕೂಲಿಗಳು ಅಲ್ಲಿಯೇ ತರಕಾರಿ ಬೆಳೆದು, ಅಂಗಡಿಯಿಟ್ಟು ನೆಲೆಯೂರಿದಾಗ ಬಿಳಿಯ ನಿವಾಸಿಗಳ ಅಸಹನೆ ಬೆಳೆಯಿತು. ಗಾಂಧೀಜಿಯವರು 1893ರಿಂದ 1914ರವರೆಗೆ ಅಲ್ಲಿದ್ದು ನಡೆಸಿದ ಹೋರಾಟದ ಕಥೆ ಎಲ್ಲರಿಗೂ ತಿಳಿದದ್ದೇ.

ಗಾಂಧೀಜಿ ಹಿಂದಿರುಗಿದ ಮೇಲೂ ಸಮಸ್ಯೆ ಮುಗಿಯಲಿಲ್ಲ. 1927ರ ಕೇಪ್‌ಟೌನ್ ಒಪ್ಪಂದದ ಪ್ರಕಾರ, ಸ್ವದೇಶಕ್ಕೆ ಮರಳಲು ಬಯಸುವ ಭಾರತೀಯರಿಗೆ ನೆರವು ನೀಡುವುದೆಂದೂ, ಅಲ್ಲಿಯೇ ಉಳಿಯುವವರ ಶಿಕ್ಷಣ ಮತ್ತು ಜೀವನಮಟ್ಟವನ್ನು ಸುಧಾರಿಸುವುದೆಂದೂ ತೀರ್ಮಾನವಾಯಿತು. ಈ ಒಪ್ಪಂದದ ಪಾಲನೆಯನ್ನು ನೋಡಿಕೊಳ್ಳಲು ಭಾರತ ಸರ್ಕಾರದ ಏಜೆಂಟ್ ಎಂಬ ಹುದ್ದೆ ಹುಟ್ಟಿತು. ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳು ಮೊದಲ ಏಜೆಂಟರು. ಡರ್ಬನ್ನಿನ ಶಾಸ್ತ್ರಿ ಕಾಲೇಜು ಅವರ ಪ್ರಯತ್ನದ ಫಲ. ಕೂರ್ಮ ವೆಂಕಟ ರೆಡ್ಡಿ ನಾಯ್ಡು, ಕುಂವರ್ ಮಹಾರಾಜ್ ಸಿಂಗ್ ಮತ್ತು ಸೈಯದ್ ರಜಾ ಅಲಿ ಅವರ ಅನಂತರ 1938ರಲ್ಲಿ ರಾಮ ರಾವ್ ಅವರು ಏಜೆಂಟ್ ಜನರಲ್ ಆಗಿ ಅಧಿಕಾರ ವಹಿಸಿಕೊಂಡರು.

ಅಧಿಕಾರವಿಲ್ಲದ ಅಧಿಕಾರ

ಆಗ ದಕ್ಷಿಣ ಆಫ್ರಿಕದಲ್ಲಿ ಸುಮಾರು 2.2 ಲಕ್ಷ ಭಾರತೀಯರಿದ್ದರು. ಅವರಲ್ಲಿ ಬಹುಪಾಲು ಜನ ನಟಾಲ್ ಪ್ರಾಂತದವರು; ಹೆಚ್ಚಿನವರು ಅಲ್ಲಿಯೇ ಹುಟ್ಟಿ ಬೆಳೆದವರು. ಆದರೂ ಸಂಸತ್ತಿನ ಚುನಾವಣೆಯಲ್ಲಿ ನಟಾಲಿನ ಭಾರತೀಯರಿಗೆ ಮತಾಧಿಕಾರವಿರಲಿಲ್ಲ. ಟ್ರಾನ್ಸ್‌ವಾಲ್ ಪ್ರಾಂತದಲ್ಲಿ 1885ರ ಕಾನೂನಿನಿಂದಲೇ ಭೂಮಿಯ ಒಡೆತನಕ್ಕೆ ನಿರ್ಬಂಧವಿತ್ತು. ಆರೆಂಜ್ ಫ್ರೀ ಸ್ಟೇಟ್ ಪ್ರಾಂತದಲ್ಲಿ ಭಾರತೀಯರು ವ್ಯಾಪಾರಕ್ಕಾಗಲಿ ಬೇಸಾಯಕ್ಕಾಗಲಿ ನೆಲೆಸುವಂತೆಯೇ ಇರಲಿಲ್ಲ. ವಿಚಿತ್ರವೆಂದರೆ, ಒಕ್ಕೂಟದ ಉನ್ನತ ನ್ಯಾಯಪೀಠವಿದ್ದ ಬ್ಲೂಮ್‌ಫಾಂಟೀನ್ ನಗರ ಅದೇ ಪ್ರಾಂತದಲ್ಲಿತ್ತು.

ಇಂಥ ನಾಡಿನಲ್ಲಿ ಭಾರತದ ಪ್ರತಿನಿಧಿಯ ಸ್ಥಾನ ಅತ್ಯಂತ ಸೂಕ್ಷ್ಮವಾದದ್ದು. ಆತ ಸ್ವತಂತ್ರ ರಾಷ್ಟ್ರದ ರಾಯಭಾರಿಯಲ್ಲ; ತಾನೇ ಪರಾಧೀನವಾಗಿದ್ದ ದೇಶದ ಸರ್ಕಾರದಿಂದ ಬಂದ ಅಧಿಕಾರಿ. ಹೋಟೆಲು, ರೈಲು, ನಾಟಕಶಾಲೆ ಎಲ್ಲೆಲ್ಲೂ ವರ್ಣದ ಗೆರೆಯಿದ್ದ ಊರುಗಳಲ್ಲಿ ಆತನಿಗೂ ಆತನ ಕುಟುಂಬಕ್ಕೂ ಸಿಗುತ್ತಿದ್ದ ಮರ್ಯಾದೆಯು ಹುದ್ದೆಗೆ ಸಂದ ರಿಯಾಯಿತಿ ಮಾತ್ರ. ಯಾರ ಪರವಾಗಿ ಆತ ಮಾತನಾಡಲು ಬಂದಿದ್ದನೋ ಆ ಜನರಿಗೆ ಅದು ದೊರೆಯುತ್ತಿರಲಿಲ್ಲ. ಕಾನೂನು ಮಾಡುವ, ತಡೆಯುವ ಶಕ್ತಿಯೂ ಆತನಿಗಿಲ್ಲ. ಸಚಿವರನ್ನು ಕಂಡು ಮನವೊಲಿಸುವುದು, ದೆಹಲಿಗೆ ವರದಿ ಬರೆಯುವುದು, ನೊಂದವರಿಗೆ ಧೈರ್ಯ ಹೇಳುವುದು ಇವಷ್ಟೇ ಆತನ ಸಾಧನಗಳು.

ಕಚೇರಿಯ ದೈನಂದಿನ ಕೆಲಸ ಕಡಿಮೆಯದಾಗಿರಲಿಲ್ಲ. ವ್ಯಾಪಾರದ ಪರವಾನಗಿ, ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಪ್ರವೇಶದ ಅನುಮತಿ, ಶಾಲೆಗಳ ಕೊರತೆ, ವಸತಿಯ ಸಮಸ್ಯೆ ಮೊದಲಾದ ಅಹವಾಲುಗಳನ್ನು ಹೊತ್ತು ಜನ ಬರುತ್ತಿದ್ದರು. ಒಕ್ಕೂಟ ಸರ್ಕಾರದ ಆಡಳಿತ ಕಚೇರಿಗಳು ಪ್ರಿಟೋರಿಯಾದಲ್ಲಿ, ಸಂಸತ್ತು ಸಾವಿರ ಮೈಲಿ ಸಮೀಪದ ದೂರದ ಕೇಪ್‌ಟೌನ್‌ನಲ್ಲಿ, ಭಾರತೀಯರ ದೊಡ್ಡ ನೆಲೆ ಡರ್ಬನ್‌ನಲ್ಲಿ. ಈ ಮೂರು ಕಡೆಗಳನ್ನೂ ನೋಡಿಕೊಳ್ಳುವುದು ಪ್ರತಿನಿಧಿಯ ಹೊಣೆಯಾಗಿತ್ತು.

1939ರ ಟ್ರಾನ್ಸ್‌ವಾಲ್ ಕಾನೂನು

ರಾಮ ರಾವ್ ಅವರು ಬಂದ ಮರುವರ್ಷವೇ ಬಿಕ್ಕಟ್ಟು ತಲೆದೋರಿತು. ಟ್ರಾನ್ಸ್‌ವಾಲ್‌ನಲ್ಲಿ ಭಾರತೀಯರು ಹೊಸ ಜಾಗಗಳಲ್ಲಿ ವಾಸಿಸುವುದನ್ನೂ ಹೊಸ ವ್ಯಾಪಾರ ಆರಂಭಿಸುವುದನ್ನೂ ತಡೆಯುವ ತಾತ್ಕಾಲಿಕ ಕಾನೂನನ್ನು ಒಕ್ಕೂಟದ ಸಂಸತ್ತು 1939ರಲ್ಲಿ ಅಂಗೀಕರಿಸಿತು. ಇದರ ವಿರುದ್ಧ ಯೂಸುಫ್ ದಾದೂ ಅವರ ನೇತೃತ್ವದ ಯುವ ಗುಂಪು ಆಗಸ್ಟ್ 1ರಿಂದ ಸತ್ಯಾಗ್ರಹ ಹೂಡಲು ಸಿದ್ಧವಾಯಿತು. ಗೌರವಯುತವಾದ ಇತ್ಯರ್ಥದ ಆಸೆಯಿಂದ ಗಾಂಧೀಜಿಯವರು ಭಾರತದಿಂದಲೇ ಸಲಹೆ ನೀಡಿ ಅದನ್ನು ಮುಂದೂಡಿಸಿದರು.

ಸಮುದಾಯದೊಳಗೂ ಒಡಕಿತ್ತು. ಗಾಂಧೀಜಿ 1894ರಲ್ಲಿ ಸ್ಥಾಪಿಸಿದ ನಟಾಲ್ ಇಂಡಿಯನ್ ಕಾಂಗ್ರೆಸ್ ಒಂದು ಕಡೆ, ಅಲ್ಲಿಯೇ ಹುಟ್ಟಿದ ಭಾರತೀಯರ ಸಂಘ ಇನ್ನೊಂದು ಕಡೆ. ವರ್ತಕರ ಹಿತ ಬೇರೆ, ಕೂಲಿಗಳ ಸಂತತಿಯವರ ಹಿತ ಬೇರೆ ಎಂಬ ಭಾವನೆ ಬೇರೂರಿತ್ತು. ಇವೆರಡನ್ನೂ ಒಂದುಗೂಡಿಸುವ ಪ್ರಯತ್ನಕ್ಕೆ ಏಜೆಂಟ್ ಜನರಲ್ ಕಚೇರಿಯ ಪ್ರೋತ್ಸಾಹವಿತ್ತು. ಅದರ ಫಲವಾಗಿ 1939ರಲ್ಲಿ ನಟಾಲ್ ಇಂಡಿಯನ್ ಅಸೋಸಿಯೇಷನ್ ರೂಪುಗೊಂಡಿತು. ಆದರೆ ಕಾಂಗ್ರೆಸ್ಸಿನ ಒಂದು ಬಣ ಪ್ರತ್ಯೇಕವಾಗಿಯೇ ಉಳಿದುದರಿಂದ ಪೂರ್ಣ ಐಕ್ಯವೆಂಬುದು ಕೈಗೂಡಲಿಲ್ಲ.

ಯುದ್ಧಕಾಲ

1939ರ ಸೆಪ್ಟೆಂಬರಿನಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ತಟಸ್ಥವಾಗಿರಬೇಕೆಂದ ಪ್ರಧಾನಿ ಹರ್ಟ್‌ಜಾಗ್ ಅವರು ಸಂಸತ್ತಿನಲ್ಲಿ 80–67 ಮತಗಳಿಂದ ಸೋತರು. ಗಾಂಧೀಜಿಯವರ ಹಳೆಯ ಪ್ರತಿಸ್ಪರ್ಧಿ ಜನರಲ್ ಸ್ಮಟ್ಸ್ ಮತ್ತೆ ಪ್ರಧಾನಿಯಾದರು. ಭಾರತೀಯರನ್ನು ಸೇನೆಗೆ ಸೇರಿಸಿಕೊಂಡರೂ ಅವರಿಗೆ ಆಯುಧ ಕೊಡಲಿಲ್ಲ. ವಾಹನ ಚಾಲನೆ, ಸಾಗಾಟ ಮೊದಲಾದ ಕೆಲಸಗಳೇ ಅವರ ಪಾಲಿಗೆ ಬಂದವು.

ಯುದ್ಧವು ಕುಟುಂಬದ ಬದುಕನ್ನೂ ಬದಲಿಸಿತು. ಲಂಡನ್ನಿನಲ್ಲಿ ಓದುತ್ತಿದ್ದ ಹೆಣ್ಣುಮಕ್ಕಳು ಆಗ ತಂದೆತಾಯಿಯರ ಬಳಿಗೆ ಬಂದಿದ್ದರು. ಇಂಗ್ಲೆಂಡಿಗೆ ಮರಳುವ ದಾರಿ ಮುಚ್ಚಿದ್ದರಿಂದ ತಾಯಿಯೊಡನೆ ಭಾರತಕ್ಕೆ ಬಂದರು. ಹತ್ತು ವರ್ಷಗಳ ಅನಂತರ ತಾಯ್ನಾಡನ್ನು ಕಂಡ ಆ ಅನುಭವವೇ ಶಾಂತಾ ಅವರ ಮೊದಲ ಪುಸ್ತಕ ‘ಹೋಮ್ ಟು ಇಂಡಿಯಾ’ (1945) ಆಯಿತು. ಧನವಂತಿಯವರ ಆತ್ಮಕಥೆ ‘ಆ್ಯನ್ ಇನ್ಹೆರಿಟೆನ್ಸ್’ 1977ರಲ್ಲಿ ಪ್ರಕಟವಾಯಿತು. ಹುಬ್ಬಳ್ಳಿಯ ಬಾಲ್ಯದಿಂದ ಹಿಡಿದು ರಾಜತಾಂತ್ರಿಕ ಜೀವನದವರೆಗೆ ಈ ಕುಟುಂಬ ಸಾಗಿ ಬಂದ ದಾರಿಯನ್ನು ತಿಳಿಯಲು ಅದು ಮುಖ್ಯ ಆಕರ.

ಬ್ರೂಮ್ ಆಯೋಗ

ಬಿಳಿಯರ ಬಡಾವಣೆಗಳಲ್ಲಿ ಭಾರತೀಯರು ಆಸ್ತಿ ಕೊಂಡು ನುಗ್ಗಿ ಬರುತ್ತಿದ್ದಾರೆಂಬ ಕೂಗು ಡರ್ಬನ್ನಿನಲ್ಲಿ ಎದ್ದಿತ್ತು. ಅಂಥ ಖರೀದಿಗಳನ್ನು ಪರಸ್ಪರ ಒಪ್ಪಿಗೆಯಿಂದಲೇ ತಡೆಯುವ ಉದ್ದೇಶದಿಂದ 1940ರಲ್ಲಿ ನಗರಸಭೆ ಮತ್ತು ಭಾರತೀಯರ ಪ್ರತಿನಿಧಿಗಳ ಸಮಿತಿಯೊಂದು ಒಳಾಡಳಿತ ಸಚಿವ ಲಾರೆನ್ಸ್ ಅವರ ಹೆಸರಿನಲ್ಲಿ ಏರ್ಪಟ್ಟಿತು. ಅದೇ ವರ್ಷ ನ್ಯಾಯಮೂರ್ತಿ ಬ್ರೂಮ್ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಆಯೋಗವೂ ನೇಮಕವಾಯಿತು. 1927ರಿಂದೀಚಿನ ಖರೀದಿಗಳನ್ನು ಪರಿಶೀಲಿಸಿದ ಆಯೋಗವು ಆತಂಕ ಪಡುವಷ್ಟು ಪ್ರಮಾಣದಲ್ಲಿ ಇದು ನಡೆದಿಲ್ಲವೆಂಬ ನಿರ್ಣಯಕ್ಕೆ ಬಂತು. ಭಾರತೀಯರು ಹಿಂದಿನಿಂದಲೂ ಹೇಳುತ್ತಿದ್ದ ಮಾತಿಗೆ ಇದರಿಂದ ಅಧಿಕೃತ ಪುಷ್ಟಿ ದೊರೆತಂತಾಯಿತು. ಆದರೆ ಈ ಸಮಾಧಾನ ಬಹುಕಾಲ ಉಳಿಯಲಿಲ್ಲ.

1941ರಲ್ಲಿ ಏಜೆಂಟ್ ಜನರಲ್ ಎಂಬ ಹೆಸರು ಹೈಕಮಿಷನರ್ ಎಂದು ಬದಲಾಯಿತು. ಬ್ರಿಟಿಷ್ ಸಾಮ್ರಾಜ್ಯದ ಸ್ವಯಮಾಡಳಿತ ರಾಷ್ಟ್ರಗಳು ಒಂದರಲ್ಲೊಂದು ಇರಿಸುತ್ತಿದ್ದ ಪ್ರತಿನಿಧಿಗಳಿಗೆ ಇದ್ದ ಹೆಸರಿದು. ಭಾರತದ ಪ್ರತಿನಿಧಿಗೂ ಅದು ಸಂದದ್ದು ಸ್ಥಾನಮಾನದ ದೃಷ್ಟಿಯಿಂದ ಒಂದು ಹೆಜ್ಜೆ. ಅದೇ ವರ್ಷ ರಾಮ ರಾವ್ ಅವರ ಅವಧಿ ಮುಗಿದು, ಶಫಾತ್ ಅಹ್ಮದ್ ಖಾನ್ ಅವರು ಆ ಸ್ಥಾನಕ್ಕೆ ಬಂದರು.

ತರುವಾಯದ ಬೆಳವಣಿಗೆ

1943ರಲ್ಲಿ ಡರ್ಬನ್ನಿನ ಆಸ್ತಿ ವ್ಯವಹಾರಗಳನ್ನು ನಿರ್ಬಂಧಿಸುವ ಕಾನೂನು ಬಂತು. 1946ರಲ್ಲಿ ಇನ್ನೂ ಕಠಿಣವಾದ ಭೂ ಹಿಡುವಳಿ ಕಾನೂನು ಬಂದಾಗ ಭಾರತವು ದಕ್ಷಿಣ ಆಫ್ರಿಕದೊಡನೆ ವ್ಯಾಪಾರವನ್ನು ನಿಲ್ಲಿಸಿ, ತನ್ನ ಹೈಕಮಿಷನರರನ್ನು ಹಿಂದಕ್ಕೆ ಕರೆಸಿಕೊಂಡು, ವಿಶ್ವಸಂಸ್ಥೆಗೆ ದೂರು ಒಯ್ದಿತು. ಅದೇ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಭಾರತದ ಪರವಾದ ನಿರ್ಣಯವನ್ನು ಅಂಗೀಕರಿಸಿತು. 1948ರಲ್ಲಿ ವರ್ಣಭೇದವೇ ಅಲ್ಲಿನ ಸರ್ಕಾರದ ಘೋಷಿತ ನೀತಿಯಾಯಿತು. ಎರಡು ದೇಶಗಳ ನಡುವೆ ಪೂರ್ಣ ರಾಜತಾಂತ್ರಿಕ ಸಂಬಂಧ ಮತ್ತೆ ಕುದುರಿದ್ದು 1993ರಲ್ಲಿ. ಹೀಗಾಗಿ ರಾಮ ರಾವ್ ಅವರು ಆ ದೇಶದಲ್ಲಿ ಭಾರತದ ಪರವಾಗಿ ಕುಳಿತು ಮಾತುಕತೆ ನಡೆಸಿದ ಕೊನೆಯ ಕೆಲವೇ ಪ್ರತಿನಿಧಿಗಳಲ್ಲಿ ಒಬ್ಬರು.

ಮುಂಬಯಿ ಬಂದರು

1941ರಿಂದ 1946ರವರೆಗೆ ಇವರು ಮುಂಬಯಿ ಪೋರ್ಟ್ ಟ್ರಸ್ಟಿನ ಅಧ್ಯಕ್ಷರಾಗಿದ್ದರು. ಯುದ್ಧದ ಸಾಮಗ್ರಿಗಳ ಸಾಗಾಟದಿಂದ ಬಂದರು ಹಗಲಿರುಳೂ ದುಡಿಯುತ್ತಿದ್ದ ಕಾಲ. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕಿನ್ ಹಡಗಿಗೆ ಬೆಂಕಿ ಹತ್ತಿತು. ಹಡಗಿನಲ್ಲಿ ಹತ್ತಿಯ ಅಂಡಿಗೆಗಳ ಜೊತೆಗೆ ಮದ್ದುಗುಂಡು ಮತ್ತು ಚಿನ್ನದ ಗಟ್ಟಿಗಳಿದ್ದವು. ಎರಡು ಭಾರಿ ಸ್ಫೋಟಗಳಿಂದ ನೂರಾರು ಜನ ಸತ್ತರು. ಸುತ್ತಲಿನ ಬಡಾವಣೆಗಳು ಸುಟ್ಟುಹೋದವು. ನಾಶವಾದ ಹಡಗುಕಟ್ಟೆಗಳನ್ನು ಮತ್ತೆ ಬಳಕೆಗೆ ತರುವ ಕಾರ್ಯ ಇವರ ಅಧ್ಯಕ್ಷತೆಯ ಅವಧಿಯಲ್ಲಿಯೇ ನಡೆಯಿತು.

ಟೋಕಿಯೊ ಮತ್ತು ವಾಷಿಂಗ್ಟನ್

ಸ್ವಾತಂತ್ರ್ಯ ಬಂದ ಮೇಲೆ ಇವರ ಅನುಭವವನ್ನು ಹೊಸ ಸರ್ಕಾರ ಬಳಸಿಕೊಂಡಿತು. 1947–48ರಲ್ಲಿ ಜಪಾನಿನಲ್ಲಿ ಭಾರತವನ್ನು ಪ್ರತಿನಿಧಿಸಿದರು. ಯುದ್ಧದಲ್ಲಿ ಸೋತ ಜಪಾನ್ ಆಗ ಮಿತ್ರರಾಷ್ಟ್ರಗಳ ಸೇನೆಯ ಆಡಳಿತದಲ್ಲಿತ್ತು. 1948ರಲ್ಲಿ ಅಮೆರಿಕದ ರಾಯಭಾರಿಯಾಗಿ ವಾಷಿಂಗ್ಟನ್ನಿಗೆ ಹೋದರು. ಹತ್ತು ವರ್ಷಗಳ ಹಿಂದೆ ಪರಾಧೀನ ದೇಶದ ಏಜೆಂಟರಾಗಿ ಕೇಪ್‌ಟೌನ್ ಸಚಿವರ ಮುಂದೆ ಕುಳಿತವರು ಈಗ ಸ್ವತಂತ್ರ ದೇಶದ ಹೆಸರಿನಲ್ಲಿ ಮಾತನಾಡುವಂತಾದರು. 1949ರಲ್ಲಿ ಅಲ್ಲಿಂದ ಮರಳಿದಾಗ ಆ ಸ್ಥಾನಕ್ಕೆ ವಿಜಯಲಕ್ಷ್ಮೀ ಪಂಡಿತ್ ಅವರು ನೇಮಕಗೊಂಡರು.

ರಿಸರ್ವ್ ಬ್ಯಾಂಕಿನ ಗವರ್ನರ್

1949ರ ಜನವರಿ 1ರಂದು ರಿಸರ್ವ್ ಬ್ಯಾಂಕ್ ರಾಷ್ಟ್ರೀಕರಣಗೊಂಡಿತ್ತು. ಸಿ. ಡಿ. ದೇಶಮುಖ್ ಅವರ ಅನಂತರ ಜುಲೈ 1ರಂದು ರಾಮ ರಾವ್ ಅವರು ಗವರ್ನರರಾದರು. ಮೂರು ತಿಂಗಳು ತುಂಬುವ ಮೊದಲೇ, ಸೆಪ್ಟೆಂಬರಿನಲ್ಲಿ, ಬ್ರಿಟಿಷ್ ಪೌಂಡಿನ ಜೊತೆಗೆ ರೂಪಾಯಿಯ ಮೌಲ್ಯವನ್ನೂ ಡಾಲರಿಗೆ ಎದುರಾಗಿ ಶೇ. 30.5ರಷ್ಟು ಇಳಿಸಬೇಕಾಯಿತು. ಪಾಕಿಸ್ತಾನ ತನ್ನ ರೂಪಾಯಿಯನ್ನು ಇಳಿಸದಿದ್ದುದರಿಂದ ಸೆಣಬು ಮತ್ತು ಹತ್ತಿಯ ವ್ಯಾಪಾರ ಸ್ಥಗಿತಗೊಂಡು ಸಂಕಟ ಹೆಚ್ಚಿತು.

ಇವರ ಅವಧಿಯ ಮುಖ್ಯ ಬೆಳವಣಿಗೆಗಳು ಹೀಗಿವೆ. 1949ರ ಬ್ಯಾಂಕಿಂಗ್ ಕಂಪನಿಗಳ ಕಾಯಿದೆಯಡಿ ದೇಶದ ಬ್ಯಾಂಕುಗಳ ತಪಾಸಣೆ ವ್ಯವಸ್ಥಿತವಾಯಿತು. ಅಶೋಕ ಸ್ತಂಭದ ಚಿತ್ರವಿರುವ ಗಣರಾಜ್ಯದ ಮೊದಲ ನೋಟುಗಳು ಇವರ ಸಹಿಯೊಡನೆ ಚಲಾವಣೆಗೆ ಬಂದವು. 1954ರಲ್ಲಿ 1,000, 5,000 ಮತ್ತು 10,000 ರೂಪಾಯಿಗಳ ನೋಟುಗಳು ಮತ್ತೆ ಬಂದವು. 1951ರ ನವೆಂಬರಿನಲ್ಲಿ ಬೆಲೆಯೇರಿಕೆಯನ್ನು ತಡೆಯಲು ಬ್ಯಾಂಕ್ ದರವನ್ನು ಶೇ. 3ರಿಂದ 3.5ಕ್ಕೆ ಏರಿಸಲಾಯಿತು.

ಇವೆಲ್ಲಕ್ಕಿಂತ ದೂರಗಾಮಿಯಾದದ್ದು ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆ. 75 ಜಿಲ್ಲೆಗಳ 600 ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ ಮಾಹಿತಿ ಸಂಗ್ರಹಿಸಿದ ಈ ಸಮೀಕ್ಷೆಯ ವರದಿ 1954ರಲ್ಲಿ ಹೊರಬಂತು. ರೈತರ ಸಾಲದಲ್ಲಿ ಸುಮಾರು ಶೇ. 70ರಷ್ಟು ಲೇವಾದೇವಿಗಾರರಿಂದ ಬರುತ್ತಿದ್ದು, ಸಹಕಾರ ಸಂಘಗಳ ಪಾಲು ಕೇವಲ ಶೇ. 3ರಷ್ಟಿದೆಯೆಂದು ಅದು ತೋರಿಸಿತು. ದೇಶದ ಮೊದಲ ಕೃಷಿ ಸಹಕಾರ ಸಂಘಗಳಲ್ಲಿ ಒಂದಾದ ಕಣಗಿನಹಾಳದ ಸಂಘವು ಅಂದಿನ ಧಾರವಾಡ ಜಿಲ್ಲೆಯಲ್ಲಿ 1905ರಲ್ಲಿಯೇ ಹುಟ್ಟಿತ್ತು. ಅರ್ಧ ಶತಮಾನದ ಅನಂತರವೂ ದೇಶದ ಚಿತ್ರ ಹೀಗಿದ್ದುದು ಯೋಜನಾಕಾರರ ಕಣ್ತೆರೆಸಿತು. ವರದಿಯ ಶಿಫಾರಸಿನಂತೆ ಇಂಪೀರಿಯಲ್ ಬ್ಯಾಂಕು 1955ರ ಜುಲೈ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಆಗಿ, ಹಳ್ಳಿಗಾಡಿನ ಊರುಗಳಿಗೆ ಶಾಖೆಗಳನ್ನು ಒಯ್ಯುವ ಹೊಣೆ ಹೊತ್ತಿತು.

ರಾಜೀನಾಮೆ

1956ರಲ್ಲಿ ಟಿ. ಟಿ. ಕೃಷ್ಣಮಾಚಾರಿ ಅವರು ಕೇಂದ್ರ ಹಣಕಾಸು ಸಚಿವರಾದರು. ಆ ನವೆಂಬರಿನಲ್ಲಿ ಅವರು ಹುಂಡಿಗಳ ಮೇಲಿನ ಮುದ್ರಾಂಕ ಶುಲ್ಕವನ್ನು ಏರಿಸುವ ಪ್ರಸ್ತಾವ ತಂದರು. ಮೇಲ್ನೋಟಕ್ಕೆ ಇದು ತೆರಿಗೆಯ ವಿಷಯ. ಆದರೆ ಬ್ಯಾಂಕುಗಳು ಹುಂಡಿಗಳ ಆಧಾರದ ಮೇಲೆ ರಿಸರ್ವ್ ಬ್ಯಾಂಕಿನಿಂದ ಸಾಲ ಪಡೆಯುತ್ತಿದ್ದುದರಿಂದ, ಶುಲ್ಕ ಏರಿದರೆ ಸಾಲದ ದರ ಏರಿದಂತೆಯೇ. ಬಡ್ಡಿದರ ನಿಗದಿ ಮಾಡುವುದು ರಿಸರ್ವ್ ಬ್ಯಾಂಕಿನ ಹೊಣೆ. ಅದನ್ನು ಸರ್ಕಾರ ಬೇರೆ ದಾರಿಯಿಂದ ತನ್ನ ಕೈಗೆ ತೆಗೆದುಕೊಳ್ಳುತ್ತಿದೆ ಎಂಬುದು ರಾಮ ರಾವ್ ಅವರ ಆಕ್ಷೇಪವಾಗಿತ್ತು. ಬ್ಯಾಂಕಿನ ಕೇಂದ್ರ ಮಂಡಲಿಯ ಮುಂದೆ ವಿಷಯವನ್ನಿಟ್ಟರು. ಇಂಥ ಕ್ರಮಗಳಿಗೆ ಮೊದಲು ಬ್ಯಾಂಕನ್ನು ವಿಚಾರಿಸಬೇಕೆಂದು ಮಂಡಲಿ ಸರ್ಕಾರವನ್ನು ಕೋರಿತು.

ಹಣಕಾಸು ಸಚಿವರು ರಿಸರ್ವ್ ಬ್ಯಾಂಕನ್ನು ತಮ್ಮ ಇಲಾಖೆಯ ಒಂದು ಅಂಗವೆಂದೇ ಪರಿಗಣಿಸಿದ್ದರು. ಪ್ರಧಾನಿ ಜವಾಹರಲಾಲ್ ನೆಹರೂ ಅವರಿಗೆ ರಾಮ ರಾವ್ ಪತ್ರ ಬರೆದರು. 1957ರ ಜನವರಿಯ ಆರಂಭದಲ್ಲಿ ಬಂದ ಉತ್ತರ ಸಚಿವರ ನಿಲುವನ್ನೇ ಬೆಂಬಲಿಸಿತು: ಬ್ಯಾಂಕು ಸಲಹೆ ನೀಡಬಹುದು, ಆದರೆ ಸರ್ಕಾರದ ನೀತಿಗೆ ಹೊಂದಿಕೊಂಡು ನಡೆಯಬೇಕು ಎಂಬುದು ಅದರ ಆಶಯ. ರಾಮ ರಾವ್ ರಾಜೀನಾಮೆ ಸಲ್ಲಿಸಿ, ಜನವರಿ 14ರಂದು ಹುದ್ದೆ ಬಿಟ್ಟರು. ಕೇಂದ್ರ ಬ್ಯಾಂಕಿನ ಸ್ವಾಯತ್ತತೆಯ ಪ್ರಶ್ನೆ ಎದ್ದಾಗಲೆಲ್ಲ ಈ ಪ್ರಸಂಗವನ್ನು ಇಂದಿಗೂ ಸ್ಮರಿಸಲಾಗುತ್ತದೆ.

ಕುಟುಂಬ

ಧನವಂತಿ ರಾಮ ರಾವ್ ಅವರು 1946–47ರಲ್ಲಿ ಅಖಿಲ ಭಾರತ ಮಹಿಳಾ ಪರಿಷತ್ತಿನ ಅಧ್ಯಕ್ಷೆಯಾಗಿದ್ದರು. 1949ರಲ್ಲಿ ಮುಂಬಯಿಯಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘವನ್ನು ಸ್ಥಾಪಿಸಿದರು. 1952ರಲ್ಲಿ ಮುಂಬಯಿಯಲ್ಲಿ ನಡೆದ ಸಮ್ಮೇಳನದಲ್ಲಿ ಅಂತಾರಾಷ್ಟ್ರೀಯ ಒಕ್ಕೂಟ ಹುಟ್ಟಿದಾಗ ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ಅವರೊಡನೆ ಮುಂಚೂಣಿಯಲ್ಲಿದ್ದರು. 1963ರಿಂದ 1971ರವರೆಗೆ ಅದರ ಅಧ್ಯಕ್ಷೆಯಾಗಿದ್ದರು. 1959ರಲ್ಲಿ ಪದ್ಮಭೂಷಣ ಪ್ರಶಸ್ತಿ ಪಡೆದರು. ಇವರು ಸ್ಥಾಪಿಸಿದ ಸಂಘದ ಶಾಖೆಯು ಧಾರವಾಡದಲ್ಲಿಯೂ ಇದೆ. 1987ರಲ್ಲಿ ನಿಧನರಾದರು. ಜನಸಂಖ್ಯಾ ನಿಯಂತ್ರಣದ ಚಳವಳಿಯು ಬಡ ಮಹಿಳೆಯರ ಇಚ್ಛೆಗಿಂತ ಅಂಕಿ ಸಂಖ್ಯೆಗಳಿಗೆ ಹೆಚ್ಚು ಬೆಲೆ ಕೊಟ್ಟಿತೆಂಬ ಟೀಕೆಯೂ ಚರಿತ್ರಕಾರರಲ್ಲಿದೆ.

ಕಿರಿಯ ಮಗಳು ಶಾಂತಾ ರಾಮ ರಾವ್ (1923–2009) ಇಂಗ್ಲಿಷಿನ ಹೆಸರಾಂತ ಲೇಖಕಿ. ಆಂಗ್ಲೋ ಇಂಡಿಯನ್ ಶಾಲೆಯೊಂದರಲ್ಲಿ ತಮ್ಮ ಹಾಗೂ ಅಕ್ಕನ ಹೆಸರುಗಳನ್ನು ಇಂಗ್ಲಿಷ್ ಹೆಸರುಗಳಾಗಿ ಬದಲಿಸಿ ಕರೆದ ಬಾಲ್ಯದ ಘಟನೆಯನ್ನು ಕುರಿತ ಅವರ ಬರಹ ಪ್ರಸಿದ್ಧ. ಇ. ಎಂ. ಫಾರ್‌ಸ್ಟರ್ ಅವರ ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿಯನ್ನು ರಂಗಭೂಮಿಗೆ ಅಳವಡಿಸಿದವರೂ ಇವರೇ.

ನಿಧನ ಮತ್ತು ಮೌಲ್ಯಮಾಪನ

ರಾಮ ರಾವ್ ಅವರು 1969ರ ಡಿಸೆಂಬರಿನಲ್ಲಿ ನಿಧನರಾದರು. ಬ್ರಿಟಿಷ್ ಸರ್ಕಾರದಿಂದ ಸಿ.ಐ.ಇ. ಮತ್ತು ಸರ್ ಪದವಿಗಳನ್ನು ಪಡೆದಿದ್ದ ಇವರು ಸ್ವತಂತ್ರ ಭಾರತದಲ್ಲಿಯೂ ಅಷ್ಟೇ ಉನ್ನತ ಹುದ್ದೆಗಳನ್ನು ನಿರ್ವಹಿಸಿದರು. ಇವರ ಸಾಲಿನ ಅಧಿಕಾರಿಗಳು ಚಳವಳಿಗಾರರಲ್ಲ. ಸೆರೆಮನೆ ಕಂಡವರೂ ಅಲ್ಲ. ದಕ್ಷಿಣ ಆಫ್ರಿಕದಲ್ಲಿ ಮನವಿ ಮತ್ತು ಮಾತುಕತೆಗಳ ದಾರಿಯಿಂದ ಸಾಧ್ಯವಾದದ್ದು ಅಲ್ಪವೆಂಬುದನ್ನು ಅಲ್ಲಿನ ಮುಂದಿನ ಚರಿತ್ರೆಯೇ ತೋರಿಸಿತು. ಸತ್ಯಾಗ್ರಹದ ದಾರಿ ಹಿಡಿದ ದಾದೂ ಮೊದಲಾದವರ ಪೀಳಿಗೆ ಅಲ್ಲಿ ನಾಯಕತ್ವ ವಹಿಸಿತು. ಆದರೂ ಒಂದೊಂದು ಪರವಾನಗಿ, ಒಂದೊಂದು ಶಾಲೆ, ಒಂದೊಂದು ಕುಟುಂಬದ ಪ್ರವೇಶಾನುಮತಿಗಾಗಿ ಕಚೇರಿಯ ಬಾಗಿಲಿಗೆ ಬಂದವರಿಗೆ ತಮ್ಮ ಅಹವಾಲು ಕೇಳಿಸಿಕೊಳ್ಳುವ ಅಧಿಕೃತ ಸ್ಥಾನವೊಂದು ಇದೆಯೆಂಬ ಭರವಸೆ ಈ ಹುದ್ದೆಯಿಂದ ದೊರೆತಿತ್ತು.

ಅಧಿಕಾರವಿಲ್ಲದ ಕಡೆ ತಾಳ್ಮೆಯಿಂದ ಮಾತನಾಡಿದ ರಾಮ ರಾವ್, ಅಧಿಕಾರವಿದ್ದ ಕಡೆ ಅದರ ಮೇರೆಯನ್ನು ಕಾಯಲು ಹುದ್ದೆಯನ್ನೇ ಬಿಟ್ಟುಕೊಟ್ಟರು. ಇವರ ಸಹಿಯಿರುವ ಹಳೆಯ ನೋಟುಗಳನ್ನು ನಾಣ್ಯ ನೋಟುಗಳ ಸಂಗ್ರಾಹಕರು ಈಗಲೂ ಜೋಪಾನವಾಗಿ ಇರಿಸಿಕೊಂಡಿದ್ದಾರೆ.